‘ಕುಡಿಯಲು ಯೋಗ್ಯವಲ್ಲ’ ಎಂದ ಮೇಲೆ

ಬೆರಳುದ್ದದ ಗಾಜಿನ ಕೊಳವೆ. ಅದರಲ್ಲಿ ನೇರಳೆ ಬಣ್ಣದ ದ್ರವ. ಒಳಗೆ ಬೋರಲಾಗಿ ಮುಳುಗಿಸಿಟ್ಟ ಇನ್ನೊಂದು ಪುಟ್ಟ ಕೊಳವೆ. ಯಾವುದೋ ಊರಿನ ನಲ್ಲಿಯಿಂದ ಬಂದ ನೀರನ್ನು ಅಳತೆ ಮಾಡಿ ಅದಕ್ಕೆ ಸೇರಿಸಿ, ಮೈ ಬಿಸಿಯಷ್ಟು, ಅಂದರೆ 37 ಡಿಗ್ರಿ ಶಾಖವಿರುವ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬ್ ಟೆಕ್ನೀಷಿಯನ್ ಮನೆಗೆ ಹೋಗುತ್ತಾರೆ. ಮರುದಿನ ಬಾಗಿಲು ತೆಗೆದಾಗ ನೇರಳೆ ನೇರಳೆಯಾಗಿಯೇ ಇದ್ದರೆ ಸದ್ಯಕ್ಕೆ ಸಮಾಧಾನ. ಹಳದಿಗೆ ತಿರುಗಿ, ಪುಟ್ಟ ಕೊಳವೆಯ ನೆತ್ತಿಯಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಆ ಊರಿನ ನೀರಿನ ಮೇಲೆ ಅನುಮಾನ ಶುರುವಾಯಿತೆಂದೇ ಲೆಕ್ಕ.

ಕೊಳವೆಯೊಳಗೆ ನಡೆಯುವುದು ಸರಳ ಸಂಗತಿ. ದ್ರವದಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಇದೆ, ಜೊತೆಗೆ ಪಿತ್ತದ ಲವಣವಿದೆ. ಪಿತ್ತ ಹರಿಯುವ ಕರುಳಿನಲ್ಲಿ ಬದುಕಿ ರೂಢಿಯಾದ ಬ್ಯಾಕ್ಟೀರಿಯಾಗಳಿಗೆ ಅದು ತೊಂದರೆ ಕೊಡುವುದಿಲ್ಲ. ಬೇರೆ ಹಲವಕ್ಕೆ ಅಲ್ಲಿ ಬೆಳೆಯುವುದು ಕಷ್ಟ. ಕರುಳಿನವು ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ, ಬಣ್ಣ ಬದಲಾಗುತ್ತದೆ. ಅನಿಲ ಬಿಡುತ್ತವೆ, ಗುಳ್ಳೆ ಕಾಣುತ್ತದೆ. ಈ ದ್ರವಕ್ಕೆ ಮೆಕ್‌ಕಾಂಕಿ ಬ್ರಾತ್ ಎಂದು ಹೆಸರು. ಆಲ್ಫ್ರೆಡ್ ಮೆಕ್‌ಕಾಂಕಿ ಎಂಬ ವಿಜ್ಞಾನಿ 20ನೇ ಶತಮಾನದ ಹೊಸ್ತಿಲಲ್ಲಿ, ಬ್ರಿಟನ್ನಿನ ಚರಂಡಿ ನೀರಿನ ವಿಲೇವಾರಿ ಕುರಿತ ರಾಯಲ್ ಕಮಿಷನ್ನಿಗಾಗಿ ಕೆಲಸ ಮಾಡುತ್ತ ಲಿವರ್‌ಪೂಲ್‌ನಲ್ಲಿ ಇದನ್ನು ರೂಪಿಸಿದರು. ಒಳಗಿನ ಪುಟ್ಟ ಕೊಳವೆ 1898ರಲ್ಲಿ ಹರ್ಬರ್ಟ್ ಡರ್ಹಮ್ ಕೊಟ್ಟದ್ದು. ನೂರಿಪ್ಪತ್ತು ವರ್ಷ ಕಳೆದರೂ ಎರಡೂ ಚಾಲ್ತಿಯಲ್ಲಿವೆ. ಸಾಮಾನ್ಯವಾಗಿ ಹದಿನೈದು ಕೊಳವೆಗಳಲ್ಲಿ ಬೇರೆ ಬೇರೆ ಅಳತೆಯ ನೀರು ಹಾಕಿ, ಎಷ್ಟು ಕೊಳವೆ ಹಳದಿಯಾದವು ಎಂದು ಎಣಿಸಿ, ಸಿದ್ಧ ಕೋಷ್ಟಕ ನೋಡಿ, 100 ಮಿಲಿಲೀಟರ್‌ನಲ್ಲಿ ಎಷ್ಟು ಬ್ಯಾಕ್ಟೀರಿಯಾ ಇದ್ದಿರಬಹುದು ಎಂದು ಅಂದಾಜು ಕಟ್ಟುತ್ತಾರೆ. ಹಳದಿಯಾದವನ್ನು 44 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ಬೆಳೆಸಿ ಖಚಿತಪಡಿಸಿಕೊಳ್ಳುತ್ತಾರೆ. ಇಎಂಬಿ ಎಂಬ ತಟ್ಟೆಯ ಮೇಲೆ ಹರಡಿದರೆ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಜೀರುಂಡೆಯ ರೆಕ್ಕೆಯಂತೆ ಹಸಿರು ಲೋಹದ ಹೊಳಪಿನಲ್ಲಿ ಮಿನುಗುತ್ತದೆ. ನೋಡಲು ಚೆಂದ, ಸುದ್ದಿ ಕೆಟ್ಟದ್ದು.

ಇಲ್ಲಿ ಓದುಗರಿಗೊಂದು ಪ್ರಶ್ನೆ ಏಳಬೇಕು. ಜನ ಸಾಯುವುದು ಕಾಲರಾದಿಂದ, ಟೈಫಾಯಿಡ್‌ನಿಂದ, ಕಾಮಾಲೆಯಿಂದ. ಹಾಗಿದ್ದರೆ ಆ ರೋಗಾಣುಗಳನ್ನೇ ಯಾಕೆ ಹುಡುಕುವುದಿಲ್ಲ? ಹುಡುಕಬಹುದು, ಆದರೆ ದಿನನಿತ್ಯದ ಕೆಲಸಕ್ಕೆ ಅದು ಒಗ್ಗುವುದಿಲ್ಲ. ನೀರಿನಿಂದ ಹರಡುವ ರೋಗಾಣುಗಳ ಪಟ್ಟಿ ಉದ್ದ; ಪ್ರತಿಯೊಂದಕ್ಕೂ ಬೇರೆ ಪರೀಕ್ಷೆ, ಬೇರೆ ಖರ್ಚು; ಇದ್ದರೂ ಎಲ್ಲೋ ಒಂದೆರಡು ಇರುತ್ತವೆ, ಕೈಗೆ ಸಿಗುವುದಿಲ್ಲ. ಅದೇ ಇ. ಕೋಲಿ ಆರೋಗ್ಯವಂತರ ಕರುಳಿನಲ್ಲೂ ಕೋಟಿಗಟ್ಟಲೆ ಇರುತ್ತದೆ. 1885ರಲ್ಲಿ ಥಿಯೊಡೋರ್ ಎಷರಿಷ್ ಎಂಬ ಮಕ್ಕಳ ವೈದ್ಯ ಶಿಶುಗಳ ಮಲದಲ್ಲಿ ಇದನ್ನು ಗುರುತಿಸಿದರು. ಇದರ ಬಹುತೇಕ ತಳಿಗಳು ನಿರುಪದ್ರವಿಗಳು. ನೀರಿನಲ್ಲಿ ಅದು ಸಿಕ್ಕಿತೆಂದರೆ ಅರ್ಥ ಇಷ್ಟೆ: ಮನುಷ್ಯರದ್ದೋ ದನಕರುಗಳದ್ದೋ ಮಲ ಈ ನೀರಿಗೆ ಸೇರುವ ದಾರಿ ತೆರೆದಿದೆ. ಇವತ್ತು ಆ ದಾರಿಯಲ್ಲಿ ಇ. ಕೋಲಿ ಬಂದಿದೆ, ನಾಳೆ ಕಾಲರಾ ಬರಬಹುದು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಇದರಲ್ಲಿ ರಿಯಾಯಿತಿ ಕೊಡುವುದಿಲ್ಲ. 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ. ಕೋಲಿಯೂ ಕಾಣಬಾರದು.

ಆದರೆ ಆ 100 ಮಿಲಿಲೀಟರ್ ಹೇಗೆ ಬಂತು? ಫಲಿತಾಂಶದ ಅರ್ಧ ಹಣೆಬರಹವನ್ನು ಲ್ಯಾಬಿನ ಹೊರಗೇ ಬರೆದಾಗಿರುತ್ತದೆ. ನಲ್ಲಿಯ ಬಾಯನ್ನು ಸ್ಪಿರಿಟ್ ಹತ್ತಿಯ ಬೆಂಕಿಯಲ್ಲಿ ಸುಡಬೇಕು. ಎರಡು ಮೂರು ನಿಮಿಷ ನೀರನ್ನು ಸುಮ್ಮನೆ ಹರಿಯಬಿಡಬೇಕು. ಬಾಟಲಿಯ ಮುಚ್ಚಳವನ್ನು ನೆಲಕ್ಕಿಡದೆ ಕೈಯಲ್ಲೇ ಹಿಡಿದಿರಬೇಕು. ಯಾವ ಪಾತ್ರೆಗೇ ಆಗಲಿ, ನೀರು ತುಂಬುವ ಮೊದಲು ಅದೇ ನೀರಿನಿಂದ ಒಮ್ಮೆ ಗಲಬರಿಸಿ ಚೆಲ್ಲುವುದು ನಮ್ಮ ಅಭ್ಯಾಸ. ಇಲ್ಲಿ ಅದನ್ನು ಮಾಡುವಂತಿಲ್ಲ, ಏಕೆಂದರೆ ಬಾಟಲಿಯ ತಳದಲ್ಲಿ ಸೋಡಿಯಂ ಥಯೋಸಲ್ಫೇಟ್ ಇರುತ್ತದೆ. ನೀರಿನಲ್ಲಿರುವ ಕ್ಲೋರಿನ್ನನ್ನು ಅದು ತಕ್ಷಣ ತಟಸ್ಥಗೊಳಿಸುತ್ತದೆ. ಅದು ತೊಳೆದುಹೋದರೆ, ಲ್ಯಾಬಿಗೆ ಹೋಗುವ ದಾರಿಯಲ್ಲೇ ಕ್ಲೋರಿನ್ ಬಾಟಲಿಯೊಳಗಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತ ಹೋಗುತ್ತದೆ. ಕೆಟ್ಟ ನೀರಿಗೆ ಒಳ್ಳೆಯ ವರದಿ ಬರುತ್ತದೆ. ತುಂಬಿದ ಬಾಟಲಿ ಐಸ್ ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಬೇಕು, 24 ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಬಿಸಿಲಲ್ಲಿ ಬಸ್ಸಿನ ಡ್ರೈವರ್ ಪಕ್ಕ ಕೂತು ಬಂದ ಬಾಟಲಿ ಹೇಳುವ ಸಾಕ್ಷ್ಯಕ್ಕೆ ಬೆಲೆಯಿಲ್ಲ.

ನೀರನ್ನು ಹೀಗೆ ಎಣಿಸಿ ನೋಡಬೇಕೆಂಬ ಬುದ್ಧಿ ಜಗತ್ತಿಗೆ ಸುಮ್ಮನೆ ಬರಲಿಲ್ಲ. 1892ರ ಆಗಸ್ಟ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಕಾಲರಾ ಬಂತು. ಕೆಲವೇ ವಾರಗಳಲ್ಲಿ ಸುಮಾರು 8,600 ಜನ ಸತ್ತರು. ಹ್ಯಾಂಬರ್ಗ್ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿಯುತ್ತಿತ್ತು. ಪಕ್ಕದಲ್ಲೇ ಅಂಟಿಕೊಂಡಿದ್ದ ಆಲ್ಟೋನಾ ಪಟ್ಟಣವೂ ಅದೇ ನದಿಯಿಂದ, ಅದೂ ಹ್ಯಾಂಬರ್ಗಿನ ಚರಂಡಿ ಸೇರಿದ ಮೇಲಿನ ಕೊಳಕು ನೀರನ್ನೇ ಎತ್ತುತ್ತಿತ್ತು. ಆದರೆ ಮರಳಿನ ಹಾಸಿನಲ್ಲಿ ನಿಧಾನವಾಗಿ ಸೋಸಿ ಕೊಡುತ್ತಿತ್ತು. ಎರಡೂ ಊರಿನ ಗಡಿ ಹಾದುಹೋದ ಬೀದಿಗಳಲ್ಲಿ ಹ್ಯಾಂಬರ್ಗಿನ ನೀರು ಕುಡಿದ ಬದಿಯಲ್ಲಿ ಹೆಣ ಬಿದ್ದವು, ಆಲ್ಟೋನಾದ ನೀರು ಕುಡಿದ ಬದಿ ಹೆಚ್ಚು ಕಡಿಮೆ ಪಾರಾಯಿತು. ಬರ್ಲಿನ್ನಿನಿಂದ ಬಂದ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಖ್ ಇದನ್ನು ಕಣ್ಣಾರೆ ಕಂಡರು. ಸೋಸಿದ ನೀರಿನ ಪ್ರತಿ ಘನ ಸೆಂಟಿಮೀಟರ್‌ನಲ್ಲಿ 100ಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಬೆಳೆದರೆ ಆ ಮರಳು ಹಾಸನ್ನು ನಂಬಬೇಡಿ ಎಂಬ ಲೆಕ್ಕ ಅಲ್ಲಿಂದ ರೂಢಿಗೆ ಬಂತು. ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಸಾಕೆಂಬ ವಾದ ಅಲ್ಲಿಗೆ ಮುಗಿಯಿತು.

ಪರೀಕ್ಷೆ ಬಂತು, ಲ್ಯಾಬುಗಳು ಬಂದವು, ಮಾನದಂಡ ಬಂತು. ಆಮೇಲೂ ಜನ ನೀರು ಕುಡಿದು ಸತ್ತಿದ್ದಾರೆ. ಆ ಸಾವುಗಳಲ್ಲಿ ಕೆಲವು ಪರೀಕ್ಷೆ ಮಾಡದೆ ಆದವು. ಇನ್ನು ಕೆಲವು, ಪರೀಕ್ಷೆ ಮಾಡಿ, ಫಲಿತಾಂಶ ಕೈಗೆ ಬಂದ ಮೇಲೆ ಆದವು. ಎರಡನೆಯ ಬಗೆಯ ಕಥೆ ಹೆಚ್ಚು ಕಲಿಸುತ್ತದೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಕರ್‌ಟನ್ ಸುಮಾರು 5,000 ಜನರ ಪಟ್ಟಣ. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳಿ. ಊರಿಗೆ ನೀರು ಕೊಡುತ್ತಿದ್ದದ್ದು ಕೊಳವೆಬಾವಿಗಳು. 2000ನೇ ಇಸವಿಯ ಮೇ ತಿಂಗಳ ಎರಡನೇ ವಾರ ಅಲ್ಲಿ ಜೋರು ಮಳೆ ಹೊಯ್ಯಿತು. ಹೆಚ್ಚು ಆಳವಿಲ್ಲದ ಐದನೇ ನಂಬರಿನ ಬಾವಿಗೆ ಹತ್ತಿರದ ಜಮೀನಿನ ದನದ ಗೊಬ್ಬರದಿಂದ ಇ. ಕೋಲಿ ಓ157 ಎಂಬ ವಿಷಕಾರಿ ತಳಿ ಮಳೆನೀರಿನ ಜೊತೆ ಇಳಿಯಿತು. ಇ. ಕೋಲಿಯ ಬಹುತೇಕ ತಳಿಗಳು ನಿರುಪದ್ರವಿಗಳು ಎಂದು ಮೇಲೆ ಹೇಳಿದೆಯಲ್ಲ, ಆ ‘ಬಹುತೇಕ’ದ ಹೊರಗೆ ಉಳಿಯುವ ತಳಿ ಇದು. ಇದು ಬಿಡುವ ವಿಷ ಕರುಳಿನಲ್ಲಿ ರಕ್ತಭೇದಿ ತರಿಸುತ್ತದೆ, ಮಕ್ಕಳ ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ನೀರು ಸರಬರಾಜು ನೋಡಿಕೊಳ್ಳುತ್ತಿದ್ದವರು ಅಣ್ಣ ತಮ್ಮ. ಒಬ್ಬ ವ್ಯವಸ್ಥಾಪಕ, ಇನ್ನೊಬ್ಬ ಮೇಸ್ತ್ರಿ. ಇಬ್ಬರಿಗೂ ಸರಿಯಾದ ತರಬೇತಿ ಇರಲಿಲ್ಲ. ನೀರಿನಲ್ಲಿ ಉಳಿದಿರುವ ಕ್ಲೋರಿನ್ನನ್ನು ದಿನವೂ ಅಳೆದು ಬರೆಯಬೇಕಾದ ಪುಸ್ತಕದಲ್ಲಿ ಅಳೆಯದೆಯೇ 0.5, 0.75 ಎಂದು ಬರೆದಿಡುತ್ತಿದ್ದರು. ಬೇರೆ ಬೇರೆ ಕಡೆಯಿಂದ ತುಂಬಬೇಕಾದ ಮಾದರಿ ಬಾಟಲಿಗಳನ್ನು ಅನುಕೂಲವಾದ ಒಂದೇ ಕಡೆ ತುಂಬಿ, ಚೀಟಿ ಮಾತ್ರ ಬೇರೆ ಬೇರೆ ಅಂಟಿಸಿದ್ದೂ ಉಂಟು. ಊರಿನ ನೀರು ಚೆನ್ನಾಗಿದೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಕ್ಲೋರಿನ್ ಹಾಕದ ನೀರನ್ನೇ ತಾವೂ ಕುಡಿಯುತ್ತಿದ್ದರು. ಕರ್ನಾಟಕದ ಹಳ್ಳಿಗಳಲ್ಲಿ ‘ಬ್ಲೀಚಿಂಗ್ ವಾಸನೆ ಬರುತ್ತೆ, ಹಾಕಬೇಡ್ರಪ್ಪ’ ಎಂದು ನೀರುಗಂಟಿಗೆ ಹೇಳುವವರನ್ನು ಕಂಡವರಿಗೆ ಈ ನಂಬಿಕೆ ವಿಚಿತ್ರವೆನಿಸಲಾರದು.

ಮೇ 15ರಂದು ತೆಗೆದ ಮಾದರಿಗಳ ಫಲಿತಾಂಶ ಮೇ 17ರಂದು ಬಂತು: ನೀರು ಕಲುಷಿತ. ಖಾಸಗಿ ಲ್ಯಾಬ್ ವ್ಯವಸ್ಥಾಪಕನಿಗೆ ಫೋನ್ ಮಾಡಿತು, ಫ್ಯಾಕ್ಸ್ ಕಳಿಸಿತು. ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬ ಕಾನೂನು ಆಗ ಆ ಲ್ಯಾಬಿಗೆ ಅನ್ವಯಿಸುತ್ತಿರಲಿಲ್ಲ, ತಿಳಿಸಲಿಲ್ಲ. ಮರುದಿನ ಓವನ್ ಸೌಂಡ್ ಎಂಬ ಹತ್ತಿರದ ಪಟ್ಟಣದ ಮಕ್ಕಳ ವೈದ್ಯೆಯ ಬಳಿ ರಕ್ತಭೇದಿಯ ಮಕ್ಕಳು ಬಂದರು. ವೈದ್ಯೆಗೆ ಸಂಶಯ ಬಂತು. ಮೇ 19ರಂದು ಆರೋಗ್ಯ ಇಲಾಖೆಯವರು ವ್ಯವಸ್ಥಾಪಕನಿಗೆ ಫೋನ್ ಮಾಡಿ ನೀರು ಹೇಗಿದೆ ಎಂದು ಕೇಳಿದರು. ಫ್ಯಾಕ್ಸ್ ಕೈಯಲ್ಲಿದ್ದವನು ನೀರು ಸರಿಯಾಗಿದೆ ಎಂದ. ಮರುದಿನವೂ ಹಾಗೇ ಹೇಳಿದ. ಗುಟ್ಟಾಗಿ ಪೈಪುಗಳಿಗೆ ಕ್ಲೋರಿನ್ ಸುರಿಯುತ್ತಿದ್ದ. ಕೊನೆಗೆ ಮೇ 21ರಂದು ಆರೋಗ್ಯಾಧಿಕಾರಿ ತಮ್ಮದೇ ನಿರ್ಧಾರದ ಮೇಲೆ, ನೀರು ಕುದಿಸದೆ ಕುಡಿಯಬೇಡಿ ಎಂದು ಪ್ರಕಟಣೆ ಹೊರಡಿಸಿದರು. ಅವರೇ ತೆಗೆಸಿದ ಮಾದರಿಯ ಫಲಿತಾಂಶ ಬಂದದ್ದು ಮೇ 23ರಂದು. ಅಷ್ಟು ಹೊತ್ತಿಗೆ ಊರು ಮಲಗಿತ್ತು. ಒಟ್ಟು ಸುಮಾರು 2,300 ಜನ ಕಾಯಿಲೆ ಬಿದ್ದರು. ಏಳು ಮಂದಿ ಸತ್ತರು.

ನ್ಯಾಯಮೂರ್ತಿ ಡೆನಿಸ್ ಓಕಾನರ್ ನಡೆಸಿದ ವಿಚಾರಣೆ ಎರಡು ಲೆಕ್ಕಗಳನ್ನು ಮುಂದಿಟ್ಟಿತು. ಮೇ 19ರಂದು ಸತ್ಯ ಹೇಳಿದ್ದರೆ 300ರಿಂದ 400 ಜನ ಕಾಯಿಲೆ ಬೀಳುತ್ತಿರಲಿಲ್ಲ. ಐದನೇ ಬಾವಿಗೆ ಕ್ಲೋರಿನ್ನನ್ನೂ ನೀರಿನ ಕದಡನ್ನೂ ಸದಾ ಅಳೆಯುವ ಯಂತ್ರ ಕೂರಿಸಿದ್ದರೆ ಇಡೀ ದುರಂತವೇ ತಪ್ಪುತ್ತಿತ್ತು. ಅಂದರೆ ಊರನ್ನು ಉಳಿಸಬಹುದಾಗಿದ್ದದ್ದು ಎರಡು ದಿನ ಕಾಯಿಸುವ ಲ್ಯಾಬ್ ಪರೀಕ್ಷೆಗಿಂತ ಹೆಚ್ಚಾಗಿ, ಅಲ್ಲೇ ನಿಂತು ಅಳೆಯುವ ಕ್ಲೋರಿನ್. ಅಣ್ಣ ತಮ್ಮಂದಿರಿಗೆ ಶಿಕ್ಷೆಯಾಯಿತು. ಒಬ್ಬ ಜೈಲಿಗೆ ಹೋದ, ಇನ್ನೊಬ್ಬ ಗೃಹಬಂಧನದಲ್ಲಿ ಕೂತ.

ಇ. ಕೋಲಿ ಸಾಕ್ಷಿ ಹೇಳದ ಪ್ರಕರಣಗಳೂ ಇವೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಅಂದಾಜು 4,03,000 ಜನ ಭೇದಿಯಿಂದ ನರಳಿದರು. ಕಾರಣ ಕ್ರಿಪ್ಟೋಸ್ಪೊರಿಡಿಯಂ ಎಂಬ ಏಕಕೋಶ ಜೀವಿ. ಗಟ್ಟಿ ಕವಚವಿರುವ ಇದಕ್ಕೆ ಕ್ಲೋರಿನ್ ನಾಟುವುದಿಲ್ಲ. ಕ್ಲೋರಿನ್‌ನಿಂದ ಇ. ಕೋಲಿ ಸತ್ತಿತ್ತು, ಇದು ಬದುಕಿತ್ತು. ಹಾಗಾಗಿ ಬ್ಯಾಕ್ಟೀರಿಯಾ ವರದಿಗಳು ಚೆನ್ನಾಗಿಯೇ ಇದ್ದವು. ಎಚ್ಚರಿಕೆ ಕೊಟ್ಟದ್ದು ನೀರಿನ ಕದಡು. ಅದನ್ನು ಯಾರೂ ಹೊತ್ತಿಗೆ ಸರಿಯಾಗಿ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಆಹಾರದ ಪರೀಕ್ಷೆ ಇದಕ್ಕಿಂತ ನಿಧಾನದ, ಇನ್ನೂ ತಲೆನೋವಿನ ಕೆಲಸ. ನೀರು ಒಂದೇ ಹದ. ಆಹಾರ ನೂರು ಹದ. ಸಾಲ್ಮೊನೆಲ್ಲಾ ಎಂಬ ರೋಗಾಣುವನ್ನು ಹುಡುಕುವ ಕ್ರಮವನ್ನೇ ನೋಡಿ. 25 ಗ್ರಾಂ ಆಹಾರವನ್ನು 225 ಮಿಲಿಲೀಟರ್ ಪೆಪ್ಟೋನ್ ನೀರಿನಲ್ಲಿ ಕಲಸಿ ಒಂದು ರಾತ್ರಿ ಬೆಚ್ಚಗಿಡುತ್ತಾರೆ. ಒಣಗಿಸುವಾಗ, ಹುರಿಯುವಾಗ, ಫ್ರಿಜ್‌ನಲ್ಲಿದ್ದಾಗ ಅರೆಜೀವವಾದ ಬ್ಯಾಕ್ಟೀರಿಯಾ ಚೇತರಿಸಿಕೊಳ್ಳಲಿ ಎಂದು. ಮರುದಿನ, ಸಾಲ್ಮೊನೆಲ್ಲಾ ಬಿಟ್ಟು ಉಳಿದವನ್ನು ಹಿಮ್ಮೆಟ್ಟಿಸುವ ಇನ್ನೊಂದು ದ್ರವಕ್ಕೆ ಸ್ವಲ್ಪ ವರ್ಗಾಯಿಸುತ್ತಾರೆ. ಮೂರನೆಯ ದಿನ ಅದನ್ನು ಎಕ್ಸ್‌ಎಲ್‌ಡಿ ಎಂಬ ಕೆಂಪು ತಟ್ಟೆಯ ಮೇಲೆ ಗೀಚುತ್ತಾರೆ. ನಾಲ್ಕನೆಯ ದಿನ ನಡುವೆ ಕಪ್ಪು ಚುಕ್ಕೆಯಿರುವ ಗುಂಪುಗಳು ಮೂಡಿದ್ದರೆ ಅವನ್ನು ಎತ್ತಿ ಖಚಿತಪಡಿಸುವ ಪರೀಕ್ಷೆಗಳು. ಅಂದಹಾಗೆ, ಈ ತಟ್ಟೆಗಳನ್ನು ಗಟ್ಟಿ ಮಾಡುವ ಅಗರ್ ಬೇರೇನಲ್ಲ, ನಮ್ಮ ಅಡುಗೆಮನೆಯ ಚೈನಾ ಗ್ರಾಸ್. 1881ರಲ್ಲಿ ಕಾಖ್ ಅವರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ, ಸೆಕೆಯಲ್ಲಿ ಕರಗಿಹೋಗುತ್ತಿದ್ದ ಜೆಲಟಿನ್ ಬದಲು ಇದನ್ನು ಹಾಕಿ ನೋಡಿ ಎಂದವರು ಅವರ ಹೆಂಡತಿ ಫ್ಯಾನಿ ಹೆಸ್ಸೆ. ಜೆಲ್ಲಿ ಮಾಡುವಾಗಿನ ಅನುಭವ ಅದು. ಸೂಕ್ಷ್ಮಜೀವಿಶಾಸ್ತ್ರ ಇವತ್ತಿಗೂ ಆ ಅಡುಗೆಮನೆಯ ಋಣದಲ್ಲಿದೆ.

ಹೀಗೆ ನಾಲ್ಕೈದು ದಿನ ಕಳೆದು ‘25 ಗ್ರಾಂನಲ್ಲಿ ಸಾಲ್ಮೊನೆಲ್ಲಾ ಇಲ್ಲ’ ಎಂಬ ವರದಿ ಬರುತ್ತದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಇಂಥ ಪರೀಕ್ಷೆಗೆ ಒಂದೇ ತಯಾರಿಕೆಯಿಂದ ಸಾಮಾನ್ಯವಾಗಿ ಐದು ಮಾದರಿ ತೆಗೆಯುತ್ತಾರೆ. ಐದೂ ಪಾಸಾದರೆ ಮಾಲು ಪಾಸು. ಈಗ ಸ್ವಲ್ಪ ಗಣಿತ. ನೂರು ಪೊಟ್ಟಣಕ್ಕೆ ಒಂದರಲ್ಲಿ ಮಾತ್ರ ರೋಗಾಣು ಇದೆಯೆಂದುಕೊಳ್ಳಿ. ಕಣ್ಣು ಮುಚ್ಚಿ ಐದು ಪೊಟ್ಟಣ ಎತ್ತಿದರೆ ಕೆಟ್ಟದ್ದು ಕೈಗೆ ಸಿಗುವ ಸಾಧ್ಯತೆ ನೂರಕ್ಕೆ ಐದು. ಉಳಿದ ತೊಂಬತ್ತೈದು ಸಲ ವರದಿ ಶುದ್ಧವಾಗಿ ಬರುತ್ತದೆ. ಲ್ಯಾಬಿನವರ ತಪ್ಪೇನೂ ಇಲ್ಲ, ಅವರ ಮುಂದೆ ಬಂದ ಐದು ಪೊಟ್ಟಣಗಳಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಆದ್ದರಿಂದಲೇ ಬುದ್ಧಿವಂತ ಕಾರ್ಖಾನೆಗಳು ಕೊನೆಯ ಪೊಟ್ಟಣಕ್ಕಿಂತ ಹೆಚ್ಚಾಗಿ ನೆಲ, ಮೋರಿ, ಯಂತ್ರದ ಸಂದು, ಕೆಲಸಗಾರರ ಕೈಗಳನ್ನು ಒರೆಸಿ ಪರೀಕ್ಷಿಸುತ್ತವೆ.

ಬ್ಯಾಕ್ಟೀರಿಯಾ ಸತ್ತಿದ್ದರೂ ಅದು ಬಿಟ್ಟ ವಿಷ ಉಳಿಯುವ ಇನ್ನೊಂದು ತೊಡಕಿದೆ. ರಾತ್ರಿ ಉಳಿದ ಅನ್ನವನ್ನು ಹೊರಗೇ ಇಟ್ಟು ಬೆಳಿಗ್ಗೆ ಚಿತ್ರಾನ್ನ ಕಲಸುವುದು ಮನೆ ಮನೆಯ ರೂಢಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಅನ್ನ ಬೇಯುವಾಗಿನ ಬಿಸಿಯನ್ನೂ ತಡೆದುಕೊಳ್ಳುತ್ತದೆ. ಸೆಕೆಯ ರಾತ್ರಿಯಲ್ಲಿ ಮೊಳೆತು, ಬೆಳೆದು, ವಾಂತಿ ಬರಿಸುವ ವಿಷ ಬಿಡುತ್ತದೆ. ಬೆಳಿಗ್ಗೆ ಒಗ್ಗರಣೆಯಲ್ಲಿ ಎಷ್ಟು ಹುರಿದರೂ ಆ ವಿಷ ಹೋಗುವುದಿಲ್ಲ. ಅಡುಗೆ ಮಾಡುವವರ ಕೈಯ ಗಾಯದಿಂದ ಇಳಿಯುವ ಸ್ಟ್ಯಾಫಿಲೊಕಾಕಸ್‌ನ ವಿಷವೂ ಹೀಗೆಯೇ ಕುದಿತಕ್ಕೆ ಜಗ್ಗುವುದಿಲ್ಲ. ಮದುವೆ ಮನೆಯಲ್ಲೋ ಜಾತ್ರೆಯಲ್ಲೋ ನೂರಾರು ಜನರಿಗೆ ಒಟ್ಟಿಗೆ ವಾಂತಿಭೇದಿಯಾದಾಗ ಲ್ಯಾಬಿನವರು ಮೊದಲು ಕೇಳುವುದು ಉಳಿದ ಊಟವನ್ನು. ಅಷ್ಟರಲ್ಲಿ ಅಡುಗೆಯವರು ಕೊಳಗ ತೊಳೆದು ಬೋರಲು ಹಾಕಿರುತ್ತಾರೆ.

ಜನರ ಗಮನವಾದರೋ ಬಣ್ಣದ ಕಡೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಅದು ವಾರಗಟ್ಟಲೆ ಚರ್ಚೆಯಾಯಿತು. ಒಳ್ಳೆಯದೇ. ಆದರೆ ಬಣ್ಣ ಹಾನಿ ಮಾಡಲು ವರ್ಷಗಳು ಬೇಕು. ಅದೇ ಗಾಡಿಯ ಬಕೆಟ್ ನೀರಿಗೆ ಒಂದು ಸಂಜೆ ಸಾಕು. ಮರುತಿಂಗಳೇ ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರ ಹಾಸ್ಟೆಲಿನ 47 ವಿದ್ಯಾರ್ಥಿನಿಯರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕಾಲರಾ ಶಂಕೆ ಹುಟ್ಟಿತು. ವೈದ್ಯರಾಗಲು ಓದುತ್ತಿದ್ದವರನ್ನೂ ನೀರು, ಊಟ ಬಿಡಲಿಲ್ಲ.

ಪರೀಕ್ಷೆ ಸರಿಯಾಗಿ ನಡೆದೂ ತಪ್ಪು ದಾರಿಗೆ ಎಳೆದದ್ದಕ್ಕೆ ಮತ್ತೆ ಹ್ಯಾಂಬರ್ಗಿಗೇ ಹೋಗಬೇಕು. 2011ರ ಮೇ ತಿಂಗಳಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ರಕ್ತಭೇದಿಯಾಗಿ ಮೂತ್ರಪಿಂಡ ಕೈಕೊಟ್ಟವರು ಬರತೊಡಗಿದರು. ಸಾಮಾನ್ಯವಾಗಿ ಮಕ್ಕಳನ್ನು ಹಿಡಿಯುವ ಕಾಯಿಲೆ ಈ ಸಲ ಹೆಚ್ಚಾಗಿ ವಯಸ್ಕ ಹೆಂಗಸರನ್ನು ಹಿಡಿದಿತ್ತು. ಇ. ಕೋಲಿಯ ಅಪರೂಪದ ತಳಿ, ಓ104. ಮೇ 26ರಂದು ಹ್ಯಾಂಬರ್ಗಿನ ಹೈಜೀನ್ ಸಂಸ್ಥೆ ಸ್ಪೇನಿನ ಸೌತೆಕಾಯಿಗಳಲ್ಲಿ ವಿಷಕಾರಿ ಇ. ಕೋಲಿ ಕಂಡಿತು. ಆರೋಗ್ಯ ಸಚಿವೆ ಪ್ರಕಟಿಸಿದರು. ಯುರೋಪಿನಾದ್ಯಂತ ಸೌತೆಕಾಯಿ ತಿಪ್ಪೆ ಸೇರಿತು, ಸ್ಪೇನಿನ ರೈತರು ತಲೆಮೇಲೆ ಕೈಹೊತ್ತು ಕೂತರು. ಐದೇ ದಿನಕ್ಕೆ ಗೊತ್ತಾಯಿತು: ಸೌತೆಕಾಯಿಯಲ್ಲಿದ್ದದ್ದು ಇ. ಕೋಲಿ ನಿಜ, ಆದರೆ ಜನರನ್ನು ಕೊಲ್ಲುತ್ತಿದ್ದ ತಳಿ ಅದಲ್ಲ.

ನಿಜವಾದ ಸುಳಿವು ಸಿಕ್ಕಿದ್ದು ಲ್ಯಾಬಿನಲ್ಲಲ್ಲ, ಒಂದು ಹೋಟೆಲಿನ ಅಡುಗೆಮನೆಯಲ್ಲಿ. ಕಾಖ್ ಅವರ ಹೆಸರನ್ನೇ ಹೊತ್ತ ಸಂಸ್ಥೆಯ ತನಿಖೆಗಾರರು ಲ್ಯೂಬೆಕ್ ನಗರದ ಹೋಟೆಲೊಂದರಲ್ಲಿ ಉಂಡು ಕಾಯಿಲೆ ಬಿದ್ದವರನ್ನೂ, ಅವರ ಜೊತೆ ಉಂಡೂ ಆರೋಗ್ಯವಾಗಿದ್ದವರನ್ನೂ ಹುಡುಕಿದರು. ಏನು ತಿಂದಿರಿ ಎಂದರೆ ಯಾರಿಗೂ ಪೂರ್ತಿ ನೆನಪಿಲ್ಲ. ಆದರೆ ಯಾವ ಖಾದ್ಯ ತರಿಸಿದ್ದೆವು ಎಂಬುದು ಬಿಲ್ಲಿನಲ್ಲಿತ್ತು. ಆ ಖಾದ್ಯಕ್ಕೆ ಏನೇನು ಹಾಕುತ್ತೀರಿ ಎಂದು ಅಡುಗೆ ಭಟ್ಟರನ್ನು ಕೇಳಿದರು. ಹಸಿ ಮೊಳಕೆಕಾಳು ಉದುರಿಸಿದ ಖಾದ್ಯ ತಿಂದವರು ಕಾಯಿಲೆ ಬೀಳುವ ಸಾಧ್ಯತೆ ಸುಮಾರು 14 ಪಟ್ಟು ಹೆಚ್ಚಿತ್ತು. ಜೂನ್ 10ರಂದು ಮೊಳಕೆಯೇ ಕಾರಣ ಎಂದು ಘೋಷಿಸಿದರು. ಅದೇ ತಿಂಗಳ ಕೊನೆಗೆ ಫ್ರಾನ್ಸಿನ ಬೋರ್ಡೋ ಬಳಿ ಅದೇ ತಳಿ ಕಾಣಿಸಿತು. ಎರಡೂ ಕಡೆಯ ಮೊಳಕೆಗಳ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಈಜಿಪ್ಟಿನಿಂದ ಬಂದ ಒಂದೇ ದಾಸ್ತಾನಿನ ಮೆಂತ್ಯ. ಜರ್ಮನಿಯೊಂದರಲ್ಲೇ 3,842 ಜನ ಕಾಯಿಲೆ ಬಿದ್ದು 53 ಮಂದಿ ಸತ್ತಿದ್ದರು. ಆ ಮೆಂತ್ಯದ ಕಾಳುಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದರೂ ಆ ತಳಿ ಸಿಗಲಿಲ್ಲ. ಒಣ ಕಾಳಿನ ರಾಶಿಯಲ್ಲಿ ಕೆಲವೇ ಕಣ; ನೆನೆಸಿ ಬೆಚ್ಚಗೆ ಮೊಳಕೆ ಕಟ್ಟಿದಾಗ ಕೋಟಿ. ನಾವು ಹುರುಳಿ ಮೊಳಕೆಯನ್ನು ಸಾರಿಗೆ ಹಾಕಿ ಕುದಿಸುತ್ತೇವೆ, ಹಾಗಾಗಿ ಬಚಾವು. ಹಸಿ ಮೊಳಕೆಯ ಸಲಾಡ್ ಅಭ್ಯಾಸ ಮಾಡಿಕೊಂಡವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕರ್ನಾಟಕದಲ್ಲಿ ಪರೀಕ್ಷೆ ಮಾಡುವ ಶಕ್ತಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿ ಸಾರ್ವಜನಿಕ ಆರೋಗ್ಯ ಸಂಸ್ಥೆ ಇದೆ. ಆಹಾರದ ಮಾದರಿಯ ಬಗ್ಗೆ ತಕರಾರು ಬಂದರೆ ಮೇಲಿನ ಹಂತದ ತೀರ್ಪು ಕೊಡುವ ರೆಫರಲ್ ಲ್ಯಾಬುಗಳಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಒಂದು. ಹಳ್ಳಿಗಳ ಮಟ್ಟಕ್ಕೆ ಇಳಿದರೆ, 1982ರಲ್ಲಿ ಕೆ.ಎಸ್. ಮಾಂಜಾ ಮತ್ತು ಸಂಗಡಿಗರು ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದಿಂದ ಪ್ರಕಟಿಸಿದ ಪುಟ್ಟ ಪರೀಕ್ಷೆಯೊಂದು ಜಗತ್ತಿನ ಎಷ್ಟೋ ಬಡ ದೇಶಗಳನ್ನು ತಲುಪಿದೆ. ಮದ್ದು ಹೀರಿಸಿದ ಕಾಗದದ ತುಂಡಿರುವ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಮನೆಯ ಶಾಖದಲ್ಲೇ ಇಟ್ಟರೆ, ಕರುಳಿನ ಬ್ಯಾಕ್ಟೀರಿಯಾಗಳಿದ್ದಲ್ಲಿ ನೀರು ಮಸಿಯಂತೆ ಕಪ್ಪಾಗುತ್ತದೆ. ಓದು ಬರಹ ಬಾರದವರೂ ಇದರ ಫಲಿತಾಂಶವನ್ನು ಓದಬಹುದು. ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಯುವ ಜಲ ಜೀವನ್ ಮಿಷನ್ ಅಡಿ, ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಾ ಕಿಟ್ ಬಳಸಲು ಕಲಿಸುವ ಯೋಜನೆಯೂ ಇದೆ.

ಕೊರತೆ ಇರುವುದು ಪರೀಕ್ಷೆಯ ಹಿಂದೆ ಮುಂದೆ. ಮಾದರಿ ತೆಗೆಯುವುದು ಊರಿಗೆ ಊರೇ ಆಸ್ಪತ್ರೆ ಸೇರಿದ ಮೇಲೆ. ‘ಕುಡಿಯಲು ಯೋಗ್ಯವಲ್ಲ’ ಎಂಬ ವರದಿ ಬಂದರೆ ಅದು ಮೊದಲು ತಲುಪುವುದು ಕಡತಕ್ಕೆ. ಆ ನೀರು ಕುಡಿಯುವ ಬೀದಿಗೆ ತಲುಪುವುದು ಅಪರೂಪ. 2022ರ ಮೇ–ಜೂನ್‌ನಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ಇಡೀ ರಾಜ್ಯ ನೀರಿನ ವರದಿಗಳ ಬಗ್ಗೆ ಮಾತಾಡಿತು. ಮಳೆಗಾಲ ಮುಗಿಯಿತು, ಮಾತೂ ಮುಗಿಯಿತು.

ಹಾಗೆ ನೋಡಿದರೆ ಓದುಗರು ತಾವೇ ಮಾಡಬಹುದಾದ ಅತಿ ಅಗ್ಗದ ಪರೀಕ್ಷೆ ಕ್ಲೋರಿನ್‌ನದು. ಕ್ಲೋರೋಸ್ಕೋಪ್ ಕಿಟ್‌ನ ಕೊಳವೆಗೆ ನಲ್ಲಿ ನೀರು ಹಾಕಿ ಎರಡು ಮೂರು ಹನಿ ದ್ರಾವಣ ಬಿಟ್ಟರೆ, ಕ್ಲೋರಿನ್ ಇದ್ದಷ್ಟೂ ಹಳದಿ ಗಾಢವಾಗುತ್ತದೆ. ಬಣ್ಣದ ಪಟ್ಟಿಯೊಂದಿಗೆ ಹೋಲಿಸಿದರೆ ಮುಗಿಯಿತು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಟ್ಯಾಂಕಿನ ಬಳಿ ನೋಡುವುದಕ್ಕಿಂತ ಪೈಪಿನ ಕಟ್ಟಕಡೆಯ ಮನೆಯಲ್ಲಿ ನೋಡಬೇಕು. ದಾರಿಯಲ್ಲಿ ಚರಂಡಿ ಸೇರಿದ್ದರೆ ಕ್ಲೋರಿನ್ ಅಲ್ಲಿಗೆ ತಲುಪುವಷ್ಟರಲ್ಲಿ ಖರ್ಚಾಗಿರುತ್ತದೆ. ಪಂಚಾಯಿತಿಯ ಮೂಲೆಯಲ್ಲಿ ಬಾಯಿ ತೆರೆದು ಕೂತ ಬ್ಲೀಚಿಂಗ್ ಪೌಡರ್ ಚೀಲ ತೇವಕ್ಕೆ ಸತ್ವ ಕಳೆದುಕೊಂಡಿರುತ್ತದೆ ಎಂಬುದೂ ನೆನಪಿರಲಿ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಎಂಬ ಲೆಕ್ಕ ತಾಜಾ ಪೌಡರ್‌ಗೆ ಹೇಳಿದ್ದು.

ಮುಂದಿನ ಗ್ರಾಮಸಭೆಯಲ್ಲೋ ವಾರ್ಡ್ ಸಭೆಯಲ್ಲೋ ಮೂರೇ ಮಾತು ಕೇಳಿ. ನಮ್ಮ ನೀರಿನ ಕೊನೆಯ ವರದಿಯ ತಾರೀಖು ಯಾವುದು? ಮಾದರಿ ತೆಗೆದದ್ದು ಯಾವ ನಲ್ಲಿಯಿಂದ? ಅಯೋಗ್ಯ ಎಂದು ಬಂದಿದ್ದರೆ ಆಮೇಲೆ ಏನು ಮಾಡಿದಿರಿ? ಸರ್ಕಾರಿ ನೀರು ಪರೀಕ್ಷಾ ಲ್ಯಾಬುಗಳು ಕಡಿಮೆ ಶುಲ್ಕಕ್ಕೆ ಸಾರ್ವಜನಿಕರ ಮಾದರಿಯನ್ನೂ ತೆಗೆದುಕೊಳ್ಳಬೇಕೆಂಬ ಸೂಚನೆಯಿದೆ. ಬಾಟಲಿಯನ್ನು ಮಾತ್ರ ಅವರಿಂದಲೇ ಪಡೆಯಿರಿ. ಇನ್ನು ಆಹಾರದ ವಿಷಯ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ 40ನೇ ಸೆಕ್ಷನ್ ಪ್ರಕಾರ, ಕೊಂಡ ತಿನಿಸನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಯಾವುದೇ ಗಿರಾಕಿಗಿದೆ. ಕೊಳ್ಳುವಾಗಲೇ ಅಂಗಡಿಯವರಿಗೆ ಹಾಗೆಂದು ತಿಳಿಸಬೇಕು, ನಿಗದಿಯಾದ ಶುಲ್ಕ ಕಟ್ಟಬೇಕು. ತಿನಿಸು ಕಾಯ್ದೆಗೆ ತಕ್ಕಂತಿಲ್ಲವೆಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ.